ಗಾಳಿ ಹೋದರೂ ತಿರುಗಬೇಕಾದ ಫ್ಯಾನು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)



ಪುಣೆಯಲ್ಲಿ ಇರುವವರಿಗೆ ಲಾರಿಯ ಸದ್ದು ಹೊಸದಲ್ಲ. ಚಾಕಣ ರಸ್ತೆಯಲ್ಲೋ ಕಾತ್ರಜ್ ಬೈಪಾಸಿನಲ್ಲೋ ಸಿಗ್ನಲ್ಲಿಗೆ ಕಾಯುತ್ತ ನಿಂತಿದ್ದೀರಿ ಎಂದುಕೊಳ್ಳಿ. ಪಕ್ಕದಲ್ಲಿ ಹತ್ತು ಗಾಲಿಯ ದೊಡ್ಡ ಲಾರಿ. ಅದರ ಎಂಜಿನ್ ತನ್ನ ಪಾಡಿಗೆ ಗುರುಗುಟ್ಟುತ್ತಿದೆ. ಚಾಲಕ ಆಕ್ಸಿಲರೇಟರ್ ಮುಟ್ಟಿಲ್ಲ. ಆದರೂ ಇದ್ದಕ್ಕಿದ್ದಂತೆ 'ಭೊರ್' ಎಂದು ಬಿರುಗಾಳಿ ಎದ್ದ ಹಾಗೆ ಇನ್ನೊಂದು ಸದ್ದು. ಸ್ವಲ್ಪ ಹೊತ್ತು ಮೊರೆದು ತಾನೇ ನಿಂತುಹೋಗುತ್ತದೆ. ಅದು ಎಂಜಿನ್ನಿನ ಸದ್ದಲ್ಲ, ಎಂಜಿನ್ನನ್ನು ತಂಪು ಮಾಡುವ ಫ್ಯಾನಿನ ಸದ್ದು. ಲಾರಿಯಲ್ಲಿ ಗಾಳಿಯ ಒತ್ತಡದಿಂದ ಕೆಲಸ ಮಾಡುವ ಫ್ಯಾನ್ ಕ್ಲಚ್ ಇದ್ದರೆ, ಕಿವಿಗೊಟ್ಟು ಕೇಳಿದವರಿಗೆ ಈ ಮೊರೆತಕ್ಕೆ ಕ್ಷಣ ಮೊದಲು 'ಪುಸ್' ಎಂದು ಗಾಳಿ ಹೊರಬಿದ್ದ ಸದ್ದೂ ಕೇಳಿಸೀತು.

ಈ 'ಪುಸ್' ಮೊದಲು, 'ಭೊರ್' ಆಮೇಲೆ ಎನ್ನುವುದನ್ನು ನೆನಪಿನಲ್ಲಿಡಿ. ಅಲ್ಲಿ ಗಾಳಿ ಬಂದು ಫ್ಯಾನನ್ನು ತಿರುಗಿಸಿದ್ದಲ್ಲ. ಗಾಳಿ ಹೊರಗೆ ಹೋದ ಮೇಲೆ ಫ್ಯಾನು ತಿರುಗಿತು. ಯಾಕೆ ಹೀಗೆ ತಿರುವುಮುರುವಾಗಿ ಮಾಡಿದರು? ಇವತ್ತಿನ ಮಾತು ಅಷ್ಟರ ಮೇಲೆಯೇ.

ಮೊದಲು ಫ್ಯಾನಿನ ಲೆಕ್ಕ. ಡೀಸೆಲ್ ಎಂಜಿನ್ನಿನಲ್ಲಿ ಸುಟ್ಟ ಇಂಧನದ ಶಾಖದಲ್ಲಿ ಒರಟು ಲೆಕ್ಕಕ್ಕೆ ಮೂರನೆಯ ಒಂದಕ್ಕಿಂತ ತುಸು ಹೆಚ್ಚು ಪಾಲು ಗಾಲಿ ತಿರುಗಿಸುವ ಕೆಲಸಕ್ಕೆ ಸಿಗುತ್ತದೆ. ಇನ್ನೊಂದು ದೊಡ್ಡ ಪಾಲು ಹೊಗೆಯ ಜೊತೆ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದನ್ನು ಕೂಲಂಟ್ ನೀರು ರೇಡಿಯೇಟರಿಗೆ ಹೊತ್ತು ತರುತ್ತದೆ. ಅದನ್ನು ಗಾಳಿಗೆ ಬಿಟ್ಟುಕೊಡಬೇಕು. ಲಾರಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ ಎದುರುಗಾಳಿಯೇ ಬಹುಪಾಲು ಸಾಕು, ಫ್ಯಾನಿನ ಹಂಗು ಬೇಡ. ಹಳೆಯ ಲಾರಿಗಳಲ್ಲಿ ಫ್ಯಾನು ವಾಟರ್ ಪಂಪಿನ ಮೂತಿಗೆ ನೇರವಾಗಿ ಬೋಲ್ಟು ಹಾಕಿ ಕೂತಿರುತ್ತಿತ್ತು. ಎಂಜಿನ್ ತಿರುಗಿದಷ್ಟು ಹೊತ್ತೂ ಅದೂ ತಿರುಗಬೇಕು, ಬೇಕಿರಲಿ ಬೇಡದಿರಲಿ.

ತಿರುಗಿದರೆ ತಿರುಗಲಿ ಬಿಡಿ ಎನ್ನುವ ಹಾಗಿಲ್ಲ. ಫ್ಯಾನಿನ ವೇಗ ಎರಡರಷ್ಟಾದರೆ ಅದು ತಿನ್ನುವ ಶಕ್ತಿ ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಸುಮಾರು 130 ಕಿಲೋವ್ಯಾಟ್, ಅಂದರೆ 175 ಅಶ್ವಶಕ್ತಿಯ ಲಾರಿಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅದರ ಫ್ಯಾನು ನಿಮಿಷಕ್ಕೆ 2000 ಸುತ್ತು ತಿರುಗುವಾಗ 10 ಕಿಲೋವ್ಯಾಟ್ ತಿನ್ನುತ್ತದೆ ಎನ್ನೋಣ. ಹೆದ್ದಾರಿಯಲ್ಲಿ ಎಂಜಿನ್ 1500 ಸುತ್ತಿಗೆ ಇಳಿದರೆ ಫ್ಯಾನಿನ ಖರ್ಚೂ 4 ಕಿಲೋವ್ಯಾಟಿನ ಆಸುಪಾಸಿಗೆ ಇಳಿಯುತ್ತದೆ. ಇಳಿದರೂ ಅದು ಗಂಟೆಗೆ ಹೆಚ್ಚು ಕಡಿಮೆ ಒಂದು ಲೀಟರ್ ಡೀಸೆಲ್. ಇಲ್ಲಿಂದ ಬೆಂಗಳೂರಿಗೆ ಸುಮಾರು 840 ಕಿಲೋಮೀಟರ್. ಸರಕು ತುಂಬಿದ ಲಾರಿ ಎಷ್ಟು ತಾಸು ತೆಗೆದುಕೊಳ್ಳುತ್ತದೆ ಎಂದು ನೀವೇ ಲೆಕ್ಕ ಹಾಕಿ. ಹೋಗಿ ಬರುವಷ್ಟರಲ್ಲಿ ಒಂದು ಕ್ಯಾನು ಡೀಸೆಲ್ಲನ್ನು ಬರೀ ಬೇಡದ ಗಾಳಿ ಬೀಸಲು ಸುಟ್ಟಂತಾಯಿತು.

ಹಾಗಾದರೆ ಫ್ಯಾನನ್ನೇ ಕಿತ್ತುಹಾಕಿದರೆ? ಅದಕ್ಕೆ ಉತ್ತರ ನಮ್ಮ ಊರಿನ ದಾರಿಯಲ್ಲೇ ಇದೆ. ಪುಣೆಯಿಂದ ಸಾತಾರಕ್ಕೆ ಹೋಗುವಾಗ ಖಂಬಾಟಕಿ ಘಾಟ್ ಸಿಗುತ್ತದಲ್ಲ, ಅಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಸಿಮೆಂಟು ಹೇರಿದ ಲಾರಿ ಎರಡನೇ ಗೇರಿನಲ್ಲಿ ಹತ್ತುತ್ತಿದೆ. ವೇಗ ಗಂಟೆಗೆ ಹದಿನೈದು, ಬಹಳವೆಂದರೆ ಇಪ್ಪತ್ತು. ಎಂಜಿನ್ ತನ್ನೆಲ್ಲ ಬಲ ಹಾಕಿ ದುಡಿಯುತ್ತಿದೆ, ಶಾಖ ಗರಿಷ್ಠ, ಎದುರುಗಾಳಿ ಮಾತ್ರ ಸೊನ್ನೆ. ಹಿಂದಿನಿಂದ ಗಾಳಿ ಬೀಸಿತೋ, ರೇಡಿಯೇಟರಿನ ಪಾಲಿಗೆ ಲಾರಿ ನಿಂತೇ ಇದೆ. ಈ ಹತ್ತು ಹದಿನೈದು ನಿಮಿಷ ಫ್ಯಾನಿಲ್ಲದಿದ್ದರೆ ಕೂಲಂಟ್ ಕುದಿಯುತ್ತದೆ, ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹಾರುತ್ತದೆ. ಇನ್ನೂ ಎಳೆದರೆ ಪಿಸ್ಟನ್ ಕಚ್ಚಿ ಎಂಜಿನ್ ಸೀಜ್. ಖೊಪೋಲಿಯಿಂದ ಲೋಣಾವಳಕ್ಕೆ ಬೋರ್ ಘಾಟ್ ಹತ್ತುವವರದೂ, ನಿಪ್ಪಾಣಿ ದಾಟಿ ತವಂದಿ ಘಾಟ್ ಹತ್ತುವವರದೂ ಇದೇ ಪಾಡು.

ದಾರಿಯ ಬಹುಪಾಲು ಬೇಡ, ಬೇಕಾದಾಗ ಮಾತ್ರ ಪೂರ್ತಿ ಬೇಕು. ಅಂಥ ಕೆಲಸಕ್ಕೆ ನಡುವೆ ಒಂದು ಕ್ಲಚ್ ಇಡುವುದಲ್ಲದೆ ಬೇರೆ ದಾರಿಯಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದ ದೊಡ್ಡ ಲಾರಿಗಳಲ್ಲಿ ಇದು ಬೇಗ ಬೇಗ ಹರಡಿತು. ನಮ್ಮಲ್ಲಿ ಎಲ್ಲ ವಾಹನಗಳಲ್ಲೂ ಘರ್ಷಣೆಯ ಕ್ಲಚ್ಚೇ ಇದೆ ಎಂದು ತಿಳಿಯಬೇಡಿ. ಸಿಲಿಕೋನ್ ಎಣ್ಣೆ ತುಂಬಿದ ವಿಸ್ಕಸ್ ಕ್ಲಚ್ ಬಹಳ ಕಡೆ ಇದೆ, ಕಾರುಗಳಲ್ಲಂತೂ ಫ್ಯಾನೇ ಕರೆಂಟಿನದು. ಅವುಗಳ ಕಥೆ ಬೇರೆ.

ಹಾಗೆಯೇ ಎಲ್ಲ ಎಂಜಿನ್ನಿಗೂ ಈ ಕ್ಲಚ್ ಬೇಕಿಲ್ಲ. ನಿಮ್ಮ ಸೊಸೈಟಿಯ ಡೀಸೆಲ್ ಜನರೇಟರ್ ನೋಡಿ. ಅದು ನಿಂತಲ್ಲೇ ನಿಂತು, ಸಾಮಾನ್ಯವಾಗಿ ನಿಮಿಷಕ್ಕೆ 1500 ಸುತ್ತಿನಲ್ಲೇ ತಿರುಗಬೇಕು. ಎದುರುಗಾಳಿ ಎನ್ನುವುದೇ ಅದಕ್ಕಿಲ್ಲ. ಅಲ್ಲಿ ಫ್ಯಾನು ಸದಾ ತಿರುಗುವುದೇ ಸರಿ. ಗದ್ದೆಯ ಪಂಪಿಗೆ ಜೋಡಿಸುವ, ಗಾಳಿಯಿಂದಲೇ ತಂಪಾಗುವ ಸಣ್ಣ ಎಂಜಿನ್ನುಗಳಲ್ಲಿ ಫ್ಲೈವೀಲಿನ ರೆಕ್ಕೆಗಳೇ ಫ್ಯಾನಾಗಿ ಕೆಲಸ ಮಾಡುವುದೂ ಉಂಟು. ಅಂಥ ಎಂಜಿನ್ನುಗಳ ಮನೆತನದ ಹೆಸರು ಹೇಳಿದರೆ ನಮಗೆ ಸ್ವಲ್ಪ ಹೆಮ್ಮೆಯೂ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ, 1910ರಲ್ಲಿ ಕಿರ್ಲೋಸ್ಕರವಾಡಿ. ಆ ಮನೆತನದ ಆಯಿಲ್ ಎಂಜಿನ್ ಕಂಪನಿ ಇಲ್ಲಿ ಖಡಕಿಗೆ ಬಂದದ್ದು 1946ರಲ್ಲಿ. 1962ರಲ್ಲಿ ಕೋಥರೂಡಿನಲ್ಲಿ ಕಿರ್ಲೋಸ್ಕರ್ ಕಮಿನ್ಸ್, 1966ರಲ್ಲಿ ವಾಹನ ಸಂಶೋಧನೆಯ ಎಆರ್‌ಎಐ. ಹೀಗೆ ಎಂಜಿನ್ನು ಎನ್ನುವುದು ಈ ಊರಿನ ಮನೆಮಾತಾಯಿತು. ಈ ಮಾತು ಕೇಳುತ್ತಿರುವ ನಿಮ್ಮಲ್ಲಿ ಭೋಸರಿಯಲ್ಲೋ ಚಿಂಚವಾಡದಲ್ಲೋ ಲೇತ್ ಹಿಡಿದವರು, ಡ್ರಾಯಿಂಗ್ ಎಳೆದವರು ಅಥವಾ ಅಂಥವರ ಮನೆಯವರು ಇದ್ದೇ ಇರುತ್ತೀರಿ ಎನ್ನುವ ಧೈರ್ಯದಿಂದಲೇ ನಾನು ಈ ವಿಷಯ ಎತ್ತಿಕೊಂಡಿದ್ದೇನೆ.

ಇನ್ನು ಕ್ಲಚ್ಚಿಗೆ ಬರೋಣ. ಎಂಜಿನ್ನಿನ ಬೆಲ್ಟು ಒಂದು ಪುಲ್ಲಿಯನ್ನು ಸದಾ ತಿರುಗಿಸುತ್ತಿರುತ್ತದೆ. ಫ್ಯಾನು ಬೇರೆಯೇ ಬೇರಿಂಗಿನ ಮೇಲೆ ಸಡಿಲವಾಗಿ ಕೂತಿರುತ್ತದೆ. ಎರಡರ ನಡುವೆ ಘರ್ಷಣೆಯ ಲೈನಿಂಗ್ ಅಂಟಿಸಿದ ಒಂದು ತಟ್ಟೆ. ತಟ್ಟೆಯನ್ನು ಪುಲ್ಲಿಗೆ ಒತ್ತಿದರೆ ಫ್ಯಾನು ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಒತ್ತುವವರು ಯಾರು, ಬಿಡಿಸುವವರು ಯಾರು ಎನ್ನುವುದೇ ಪ್ರಶ್ನೆ. ಲಾರಿಯಲ್ಲಿ ಬ್ರೇಕಿಗಾಗಿ ಹೇಗೂ ಗಾಳಿಯ ಟ್ಯಾಂಕಿದೆ. ಆ ಗಾಳಿಯಿಂದ ತಟ್ಟೆಯನ್ನು ಒತ್ತಿ, ಸಣ್ಣದೊಂದು ಸ್ಪ್ರಿಂಗಿನಿಂದ ಬಿಡಿಸಬಹುದು. ಇಲ್ಲವೇ ಬಲವಾದ ಸ್ಪ್ರಿಂಗುಗಳಿಂದ ಒತ್ತಿಟ್ಟು, ಗಾಳಿಯಿಂದ ಬಿಡಿಸಬಹುದು. ಮನೆಯಲ್ಲಿ ಬಟ್ಟೆಗೆ ಹಾಕುವ ಕ್ಲಿಪ್ಪನ್ನು ನೆನೆಸಿಕೊಳ್ಳಿ. ಹಿಡಿದುಕೊಳ್ಳುವ ಕೆಲಸ ಸ್ಪ್ರಿಂಗಿನದು, ನಿಮ್ಮ ಬೆರಳು ಬೇಕಾಗುವುದು ಬಿಡಿಸುವುದಕ್ಕೆ ಮಾತ್ರ. ಎರಡನೆಯ ಬಗೆಯ ಕ್ಲಚ್ ಹಾಗೆ.

ಓಡುವಾಗ ಎರಡೂ ಒಂದೇ. ವ್ಯತ್ಯಾಸ ತಿಳಿಯುವುದು ಏನಾದರೂ ಕೆಟ್ಟಾಗ. ರಬ್ಬರ್ ಪೈಪು ಬಿಸಿಗೆ ಬಿರಿಯುತ್ತದೆ, ಸೀಲು ಸವೆಯುತ್ತದೆ, ಇಲಿ ವೈರು ಕಡಿಯುತ್ತದೆ. ಲಾರಿಯ ಬದುಕೇ ಹಾಗೆ. ಗಾಳಿಯಿಂದ ಒತ್ತುವ ಕ್ಲಚ್ಚಿನಲ್ಲಿ ಗಾಳಿ ಸೋರಿದರೆ ಫ್ಯಾನು ನಿಲ್ಲುತ್ತದೆ, ನಿಂತದ್ದು ಘಾಟಿನಲ್ಲಿ ಗೊತ್ತಾಗುತ್ತದೆ. ಸ್ಪ್ರಿಂಗಿನಿಂದ ಒತ್ತುವ ಕ್ಲಚ್ಚಿನಲ್ಲಿ ಗಾಳಿ ಸೋರಿದರೆ ಫ್ಯಾನು ಸದಾ ತಿರುಗುತ್ತದೆ. ಹಳೆಯ ಲಾರಿಯ ಹಾಗೆ ಡೀಸೆಲ್ ಸ್ವಲ್ಪ ಹೆಚ್ಚು ಹೋಗುತ್ತದೆ, ಆದರೆ ಲಾರಿ ಊರು ಸೇರುತ್ತದೆ. ಎಂಜಿನ್ ಸೀಜಾದ ಲಾರಿಯ ಚಾಲಕನಿಗೆ ಫೋನಿನಲ್ಲಿ ಬರುವ ಮೊದಲ ಮಾತು ಏನೆಂದು ಸಾರಿಗೆ ವ್ಯವಹಾರ ಬಲ್ಲವರಿಗೆ ಹೇಳಬೇಕಿಲ್ಲ: "ಮೀಟರ್ ನೋಡೋದು ಬಿಟ್ಟು ಏನು ಮಾಡ್ತಿದ್ದೆ?" ರಿಪೇರಿ ಮುಗಿಯುವ ತನಕ ಅವನಿಗೆ ಟ್ರಿಪ್ಪಿಲ್ಲ, ಮಾಲೀಕನ ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಅವನು ಮೀಟರ್ ನೋಡಿರಲಿ ಬಿಡಲಿ, ಆ ಘಾಟಿನಲ್ಲಿ ಏನಾಗಬೇಕು ಎನ್ನುವುದು ವರ್ಷಗಳ ಹಿಂದೆಯೇ ಯಾವುದೋ ಏಸಿ ಕೋಣೆಯಲ್ಲಿ, ಒಂದು ಡ್ರಾಯಿಂಗಿನ ಮೇಲೆ ತೀರ್ಮಾನವಾಗಿತ್ತು.

ಇದು ಫ್ಯಾನಿಗಷ್ಟೇ ಸಂಬಂಧಿಸಿದ ಬುದ್ಧಿಯಲ್ಲ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗೆ ಗಾಳಿಯ ಬ್ರೇಕು ತಂದ. ಮೊದಲ ಮಾದರಿಯಲ್ಲಿ ಗಾಳಿ ತುಂಬಿದರೆ ಬ್ರೇಕು ಹಿಡಿಯುತ್ತಿತ್ತು. ಪೈಪು ಒಡೆದರೆ, ಬೋಗಿಯ ಕೊಂಡಿ ಕಳಚಿದರೆ ಬ್ರೇಕೇ ಇಲ್ಲ. ಮೂರು ವರ್ಷಗಳ ನಂತರ, 1872ರಲ್ಲಿ, ಅದನ್ನೇ ತಿರುವಿಹಾಕಿದ: ಪೈಪಿನಲ್ಲಿ ಗಾಳಿ ಇದ್ದಷ್ಟು ಹೊತ್ತು ಬ್ರೇಕು ಬಿಟ್ಟಿರುತ್ತದೆ, ಗಾಳಿ ಹೋದರೆ ಹಿಡಿಯುತ್ತದೆ. ಇವತ್ತಿನ ಲಾರಿಯ ಪಾರ್ಕಿಂಗ್ ಬ್ರೇಕನ್ನೂ ನೋಡಿ. ಅದನ್ನು ಹಿಡಿಸುವುದು ಸ್ಪ್ರಿಂಗು, ಬಿಡಿಸುವುದು ಗಾಳಿ. ಒಂದೇ ಲಾರಿಯಲ್ಲಿ ಗಾಲಿಗೆ ಈ ನ್ಯಾಯ, ಫ್ಯಾನಿಗೆ ಬೇರೆ ನ್ಯಾಯ ಯಾಕೆ?

ಯಾಕೆ ಎಂದರೆ ಖರ್ಚು. ಗಾಳಿಯಿಂದ ಒತ್ತುವ ಕ್ಲಚ್ ಹಗುರ, ಸಸ್ತಾ. ಲೈನಿಂಗ್ ಸವೆದಷ್ಟೂ ಪಿಸ್ಟನ್ ತಾನೇ ಮುಂದೆ ಬರುತ್ತದೆ, ಒತ್ತುವ ಬಲ ಕಡಿಮೆಯಾಗುವುದಿಲ್ಲ. ಇದು ಸಣ್ಣ ಅನುಕೂಲವಲ್ಲ, ಒಪ್ಪಿಕೊಳ್ಳಬೇಕು. ಸ್ಪ್ರಿಂಗಿನದರಲ್ಲಿ ಇದೇ ಜಾಗ ತಲೆನೋವು. ಹಾಗಾಗಿ ಸ್ಪ್ರಿಂಗಿನ ಕ್ಲಚ್ ಒಳ್ಳೆಯದು ಎಂದು ಬಾಯಲ್ಲಿ ಹೇಳಿದರೆ ಸಾಲದು, ಅದನ್ನು ಒಳ್ಳೆಯದಾಗಿ ಮಾಡಲು ಬರಬೇಕು. ಸ್ವಲ್ಪ ಅಂಕಿ ಸಂಖ್ಯೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಮನೆಯಲ್ಲಿ ಡಿಪ್ಲೊಮಾ ಓದುವ ಮಕ್ಕಳಿದ್ದರೆ ಒಂದು ಕಾಗದ ಪೆನ್ಸಿಲ್ ಕೊಟ್ಟು ಕೂರಿಸಿ.

ನಮ್ಮ ಫ್ಯಾನು 2000 ಸುತ್ತಿನಲ್ಲಿ 10 ಕಿಲೋವ್ಯಾಟ್ ತಿನ್ನುತ್ತದೆ ಎಂದೆವು. ಅದಕ್ಕೆ ಬೇಕಾದ ತಿರುಗಿಸುವ ಬಲ, ಅಂದರೆ ಟಾರ್ಕ್, ಸುಮಾರು 48 ನ್ಯೂಟನ್ ಮೀಟರ್. ನಿಂತ ಫ್ಯಾನನ್ನು ವೇಗಕ್ಕೆ ತರಬೇಕು, ಲೈನಿಂಗಿಗೆ ಬಿಸಿ ತಾಗುತ್ತದೆ, ಎಣ್ಣೆಯ ಹನಿ ಬೀಳಬಹುದು. ಅದಕ್ಕೆಲ್ಲ ಸೇರಿಸಿ ಎರಡರಷ್ಟು, 100 ನ್ಯೂಟನ್ ಮೀಟರ್ ಎಂದು ಇಟ್ಟುಕೊಳ್ಳೋಣ. ಲೈನಿಂಗಿನ ಹೊರವ್ಯಾಸ 180 ಮಿಲಿಮೀಟರ್, ಒಳವ್ಯಾಸ 120. ಸರಾಸರಿ ತ್ರಿಜ್ಯ 75. ಇದನ್ನು ಸಮನಾದ ಸವೆತದ ಲೆಕ್ಕದಲ್ಲಿ ಹಿಡಿಯಬೇಕೋ ಸಮನಾದ ಒತ್ತಡದ ಲೆಕ್ಕದಲ್ಲೋ ಎಂದು ಪರೀಕ್ಷೆಯಲ್ಲಿ ಕೇಳುತ್ತಾರೆ. ಇಲ್ಲಿ ಎರಡಕ್ಕೂ ಬರುವ ವ್ಯತ್ಯಾಸ ಒಂದೇ ಒಂದು ಮಿಲಿಮೀಟರ್, ಅದಕ್ಕೆ ಜಗಳ ಬೇಡ. ಘರ್ಷಣೆಯ ಗುಣಾಂಕ 0.3 ಎಂದು ಹಿಡಿದರೆ, ಒಂದೇ ಮುಖದ ಕ್ಲಚ್ಚಿಗೆ ಒತ್ತುವ ಬಲ ಸುಮಾರು 4440 ನ್ಯೂಟನ್ ಬೇಕು. ನಮ್ಮ ಭಾಷೆಯಲ್ಲಿ ನಾಲ್ಕೂವರೆ ಕ್ವಿಂಟಾಲ್, ಐವತ್ತು ಕಿಲೋದ ಒಂಬತ್ತು ಅಕ್ಕಿ ಮೂಟೆಯ ಭಾರ. ಅದನ್ನು ಎಂಟು ಸ್ಪ್ರಿಂಗುಗಳಿಗೆ ಹಂಚಿದರೆ ಒಂದೊಂದಕ್ಕೆ 555 ನ್ಯೂಟನ್.

ಈಗ ಮುಖ್ಯವಾದ ಜಾಗ. 555 ನ್ಯೂಟನ್ ಕೊಡುವ ಸ್ಪ್ರಿಂಗನ್ನು ಹಲವು ಬಗೆಯಲ್ಲಿ ಮಾಡಬಹುದು. ದಪ್ಪ ತಂತಿಯ ಗಿಡ್ಡ ಸ್ಪ್ರಿಂಗು, ಒಂದು ಮಿಲಿಮೀಟರ್ ಒತ್ತಲು 60 ನ್ಯೂಟನ್ ಬೇಕು ಎನ್ನಿ. ಅದನ್ನು ಒಂಬತ್ತು ಮಿಲಿಮೀಟರ್ ಒತ್ತಿಟ್ಟರೆ ಸಾಕು, ಜಾಗ ಉಳಿಯುತ್ತದೆ. ಇಲ್ಲವೇ ಮೆತ್ತನೆಯ ಉದ್ದ ಸ್ಪ್ರಿಂಗು, ಮಿಲಿಮೀಟರಿಗೆ 20 ನ್ಯೂಟನ್. ಇದನ್ನು 28 ಮಿಲಿಮೀಟರ್ ಒತ್ತಿಡಬೇಕು, ಕ್ಲಚ್ ಉದ್ದವಾಗುತ್ತದೆ. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಇರುವ ಜಾಗವೇ ಕಡಿಮೆ. ಹಾಗಾಗಿ ಗಿಡ್ಡ ಸ್ಪ್ರಿಂಗಿನ ಕಡೆಗೇ ಮನಸ್ಸು ಎಳೆಯುತ್ತದೆ.

ಆದರೆ ಲೈನಿಂಗ್ ಎರಡು ಮಿಲಿಮೀಟರ್ ಸವೆಯಲಿ, ನೋಡಿ ಏನಾಗುತ್ತದೆ. ಸವೆದಷ್ಟೂ ಸ್ಪ್ರಿಂಗು ಬಿಚ್ಚಿಕೊಳ್ಳುತ್ತದೆ. ಗಿಡ್ಡ ಸ್ಪ್ರಿಂಗುಗಳು ಒಟ್ಟು 960 ನ್ಯೂಟನ್ ಕಳೆದುಕೊಳ್ಳುತ್ತವೆ, ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು. ಉದ್ದ ಸ್ಪ್ರಿಂಗುಗಳು ಕಳೆದುಕೊಳ್ಳುವುದು 320 ಮಾತ್ರ, ನೂರಕ್ಕೆ ಏಳು. ಬಿಡಿಸುವಾಗಲೂ ಹಾಗೇ. ತಟ್ಟೆಯನ್ನು ಒಂದು ಮಿಲಿಮೀಟರ್ ಹಿಂದಕ್ಕೆ ತಳ್ಳಲು ಗಿಡ್ಡ ಸ್ಪ್ರಿಂಗಿನಲ್ಲಿ ಬಲ 4900ಕ್ಕೂ ಮೇಲೆ ಏರುತ್ತದೆ, ಉದ್ದದ್ದರಲ್ಲಿ 4600. ಪಿಸ್ಟನ್ನಿನ ವ್ಯಾಸ 110 ಮಿಲಿಮೀಟರ್ ಇದ್ದು ಟ್ಯಾಂಕಿನ ಒತ್ತಡ 5 ಬಾರಿಗೆ ಇಳಿದಿದ್ದರೆ ಗಾಳಿ ಕೊಡುವ ಬಲ 4750. ಉದ್ದ ಸ್ಪ್ರಿಂಗಿನ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತದೆ. ಗಿಡ್ಡ ಸ್ಪ್ರಿಂಗಿನದು ಪೂರ್ತಿ ಹಿಂದೆ ಸರಿಯಲಾರದೆ, ತಟ್ಟೆ ಪುಲ್ಲಿಗೆ ಉಜ್ಜುವಷ್ಟು ಹತ್ತಿರದಲ್ಲೇ ಉಳಿಯುತ್ತದೆ. ಘಾಟ್ ಇಳಿಯುತ್ತ ಮೇಲಿಂದ ಮೇಲೆ ಬ್ರೇಕು ಒತ್ತಿದ ಲಾರಿಯಲ್ಲಿ ಒತ್ತಡ ಇಷ್ಟು ಇಳಿಯುವುದು ಅಪರೂಪವೇನಲ್ಲ. ನನ್ನನ್ನು ಕೇಳಿದರೆ ಈ ಕ್ಲಚ್ಚಿನ ಇಡೀ ವಿನ್ಯಾಸದಲ್ಲಿ ಜಿಪುಣತನ ಮಾಡಬಾರದ ಜಾಗ ಇದೊಂದು: ಸ್ಪ್ರಿಂಗಿಗೆ ಉದ್ದ ಕೊಡಬೇಕು. ಹತ್ತಿಪ್ಪತ್ತು ಮಿಲಿಮೀಟರ್ ಜಾಗಕ್ಕಾಗಿ ರೇಡಿಯೇಟರಿನವರ ಹತ್ತಿರ ಜಗಳ ಆಡಬೇಕಾದರೆ ಆಡಬೇಕು.

ಬಲ ಸ್ವಲ್ಪ ಕಡಿಮೆಯಾದರೆ ಏನು ಮಹಾ, ಫ್ಯಾನು ಸ್ವಲ್ಪ ನಿಧಾನ ತಿರುಗೀತು ಅಷ್ಟೆ ಎನ್ನಬಹುದು. ನಿಜ, ಅದೇ ಮೋಸ. ಲೈನಿಂಗ್ ಸವೆದು, ಮೇಲೆ ಎಂಜಿನ್ನಿನ ಮುಂದಿನ ಸೀಲಿನಿಂದ ಎಣ್ಣೆ ಜಿನುಗಿ, ಕ್ಲಚ್ಚಿನ ಬಲ 48ಕ್ಕಿಂತ ಕೆಳಗೆ, 40ಕ್ಕೆ ಬಂದಿದೆ ಎಂದುಕೊಳ್ಳಿ. ಫ್ಯಾನು ನಿಲ್ಲುವುದಿಲ್ಲ. 2000ದ ಬದಲು ಸುಮಾರು 1830 ಸುತ್ತಿನಲ್ಲಿ ತಿರುಗುತ್ತದೆ. ಬಾನೆಟ್ ಎತ್ತಿ ನೋಡಿದ ಮೆಕ್ಯಾನಿಕ್ಕಿಗೆ ಏನೂ ಗೊತ್ತಾಗದು, ಫ್ಯಾನು ಚೆನ್ನಾಗಿಯೇ ತಿರುಗುತ್ತಿದೆಯಲ್ಲ! ಆದರೆ ಆ 170 ಸುತ್ತಿನ ಜಾರಿಕೆ ಲೈನಿಂಗಿನ ಮೇಲೆ ಎಬ್ಬಿಸುವ ಶಾಖ 700 ವ್ಯಾಟಿಗಿಂತ ಹೆಚ್ಚು. ಮನೆಯ ಇಸ್ತ್ರಿ ಪೆಟ್ಟಿಗೆಯನ್ನು ಸ್ವಿಚ್ ಹಾಕಿ ಕ್ಲಚ್ಚಿನೊಳಗೆ ಇಟ್ಟು ಮುಚ್ಚಿದ ಹಾಗೆ. ಲೈನಿಂಗ್ ಸುಟ್ಟು ಗಾಜಿನಂತೆ ನುಣುಪಾಗುತ್ತದೆ, ಇನ್ನಷ್ಟು ಜಾರುತ್ತದೆ, ಬೇರಿಂಗಿನ ಗ್ರೀಸು ಕರಗಿ ಹರಿಯುತ್ತದೆ, ಸ್ಪ್ರಿಂಗು ಬಿಸಿಗೆ ಸೋಲುತ್ತದೆ. ಅಂದರೆ ಒಂದು ಮಟ್ಟಕ್ಕಿಂತ ಕೆಳಗಿಳಿದ ಕ್ಲಚ್ ನಿಧಾನವಾಗಿ ಸಾಯುವುದಿಲ್ಲ, ದಡಬಡಿಸಿ ಸಾಯುತ್ತದೆ. ಮೊದಲು 48ಕ್ಕೆ 100 ಇಟ್ಟುಕೊಂಡದ್ದು ಯಾಕೆಂದು ಈಗ ಹೊಳೆದಿರಬೇಕು.

ಹಿಡಿಯುವ ಪ್ರತಿ ಸಲವೂ ಸ್ವಲ್ಪ ಶಾಖ ಇದ್ದೇ ಇದೆ. ನಮ್ಮ ಫ್ಯಾನಿನ ಜಡತ್ವ 0.25 ಕಿಲೋಗ್ರಾಂ ಚದರ ಮೀಟರ್ ಎಂದರೆ, ನಿಂತಲ್ಲಿಂದ 2000 ಸುತ್ತಿಗೆ ತರುವಾಗ ಕ್ಲಚ್ಚಿನಲ್ಲಿ ಕನಿಷ್ಠ ಐದೂವರೆ ಸಾವಿರ ಜೂಲ್ ಶಾಖವಾಗುತ್ತದೆ. ಎರಡು ಕಿಲೋ ಬೀಡುಕಬ್ಬಿಣದ ತಟ್ಟೆ ಅದಕ್ಕೆ ಐದಾರು ಡಿಗ್ರಿ ಏರುತ್ತದೆ, ಅಷ್ಟೇ, ಹೆದರುವಂಥದ್ದಲ್ಲ. ಆದರೆ 95 ಡಿಗ್ರಿಗೆ ಹಿಡಿ, 94ಕ್ಕೆ ಬಿಡು ಎಂದು ಸ್ವಿಚ್ಚು ಇಟ್ಟರೆ ಕ್ಲಚ್ ಹತ್ತು ಸೆಕೆಂಡಿಗೊಮ್ಮೆ ಹಿಡಿದು ಬಿಟ್ಟು ಮಾಡುತ್ತ ಮತ್ತೆ ಆ ಇಸ್ತ್ರಿ ಪೆಟ್ಟಿಗೆಯೇ ಆಗಿಬಿಡುತ್ತದೆ. ಹಿಡಿಯುವುದಕ್ಕೂ ಬಿಡುವುದಕ್ಕೂ ನಡುವೆ ಐದಾರು ಡಿಗ್ರಿ ಅಂತರ ಬೇಕು. ಫ್ಯಾನು ಹಿಡಿದರೆ ಸ್ವಲ್ಪ ಹೊತ್ತು ತಿರುಗಲಿ, ಬಿಟ್ಟರೆ ಸ್ವಲ್ಪ ಹೊತ್ತು ಸುಮ್ಮನಿರಲಿ.

ಬೇರಿಂಗಿನ ವಿಷಯದಲ್ಲಿ ಒಂದು ಜಾಣತನವಿದೆ, ಅದನ್ನು ಹೇಳಿ ಮುಂದೆ ಹೋಗುತ್ತೇನೆ. ಸ್ಪ್ರಿಂಗನ್ನೂ ಗಾಳಿಯ ಪಿಸ್ಟನ್ನನ್ನೂ ಎರಡನ್ನೂ ಫ್ಯಾನಿನ ಹಬ್ಬಿನೊಳಗೇ ಕೂರಿಸಿದರೆ, ಕ್ಲಚ್ ಬಿಟ್ಟಾಗ ಆ ನಾಲ್ಕೂವರೆ ಕ್ವಿಂಟಾಲಿನ ಗುದ್ದಾಟ ಹಬ್ಬಿನೊಳಗೇ ಮುಗಿಯುತ್ತದೆ, ಬೇರಿಂಗು ಹಗುರವಾಗಿ ತಿರುಗುತ್ತಿರುತ್ತದೆ. ಹಿಡಿದಾಗ ಬೇರಿಂಗಿನ ಮೇಲೆ ಹೊರೆ ಬೀಳುತ್ತದೆ, ಆದರೆ ಆಗ ಪುಲ್ಲಿಯೂ ಫ್ಯಾನೂ ಒಟ್ಟಿಗೆ ತಿರುಗುವುದರಿಂದ ಬೇರಿಂಗು ಒಳಗೆ ನಿಂತೇ ಇರುತ್ತದೆ. ತಿರುಗುವಾಗ ಹೊರೆಯಿಲ್ಲ, ಹೊರೆಯಿರುವಾಗ ತಿರುಗುವುದಿಲ್ಲ. ತಿರುಗುವ ಹಬ್ಬಿಗೆ ಗಾಳಿ ಮುಟ್ಟಿಸಲು ನಡುವಿನಲ್ಲಿ ಒಂದು ತಿರುಗುಸೀಲು ಬೇಕಾಗುತ್ತದೆ. ಮೊದಲು ಸೋರುವುದೂ ಅದೇ. ಸೋರಿದರೆ ಫ್ಯಾನು ಹಿಡಿದುಕೊಳ್ಳುತ್ತದೆ ಎನ್ನುವುದು ಹೇಗೂ ಗೊತ್ತಲ್ಲ.

ಗೊತ್ತು ಎಂದೆನಾದರೂ ಅಲ್ಲೊಂದು ಹಳ್ಳವಿದೆ. ಕ್ಲಚ್ಚಿನಲ್ಲಿ ಸ್ಪ್ರಿಂಗು ಇಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಗಾಳಿಯನ್ನು ಬಿಡುವ ವಾಲ್ವಿದೆ, ವಾಲ್ವಿಗೆ ಕರೆಂಟು ಕೊಡುವ ವೈರಿದೆ, ವೈರಿನ ತುದಿಯಲ್ಲಿ ಕೂಲಂಟಿನ ಉಷ್ಣತೆ ನೋಡುವ ಸ್ವಿಚ್ಚಿದೆ. ಕರೆಂಟು ಇದ್ದಾಗ ವಾಲ್ವು ಗಾಳಿಯನ್ನು ಕ್ಲಚ್ಚಿಗೆ ಕಳಿಸಬೇಕು, ಕರೆಂಟು ಹೋದರೆ ಗಾಳಿಯನ್ನು ಹೊರಗೆ ಬಿಡಬೇಕು. ತಣ್ಣಗಿರುವಾಗ ಸ್ವಿಚ್ಚಿನ ಸಂಪರ್ಕ ಕೂಡಿರಬೇಕು, ಬಿಸಿಯಾದಾಗ ಬಿಡಬೇಕು. ಹೀಗಿದ್ದರೆ ವೈರು ಕಡಿದರೂ, ಫ್ಯೂಸು ಹಾರಿದರೂ, ಸ್ವಿಚ್ಚಿನ ಕನೆಕ್ಟರ್ ಕಳಚಿ ಬಿದ್ದರೂ ಫ್ಯಾನು ತಿರುಗುತ್ತದೆ. ಯಾರೋ ಒಬ್ಬರು, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ ಎಂದು, ಬಿಸಿಯಾದಾಗ ಕೂಡುವ ಸ್ವಿಚ್ಚು ತಂದು ಅದಕ್ಕೆ ತಕ್ಕ ವಾಲ್ವು ಜೋಡಿಸಿದರೆ? ಎಲ್ಲ ಸರಿಯಿರುವ ತನಕ ಲಾರಿ ಸರಿಯಾಗಿಯೇ ಓಡುತ್ತದೆ. ವೈರು ಕಡಿದ ದಿನ ಗಾಳಿ ಕ್ಲಚ್ಚಿನಲ್ಲೇ ಉಳಿಯುತ್ತದೆ, ಫ್ಯಾನು ಸುಮ್ಮನಿರುತ್ತದೆ, ಒಳಗಿನ ಎಂಟು ಸ್ಪ್ರಿಂಗುಗಳು ಇದ್ದೂ ಇಲ್ಲದಂತೆ. ಕ್ಲಚ್ ಮಾಡುವವರು ಒಂದು ಕಂಪನಿ, ವಾಲ್ವು ಇನ್ನೊಂದು, ವೈರಿಂಗು ಮತ್ತೊಂದು ಆಗಿರುವ ಈ ಕಾಲದಲ್ಲಿ ಇದನ್ನು ಕೊನೆಯ ತನಕ ಹಿಂಬಾಲಿಸಿ ನೋಡುವವರು ಒಬ್ಬರು ಬೇಕು. ಮೂವರ ಡ್ರಾಯಿಂಗನ್ನೂ ಒಂದೇ ಮೇಜಿನ ಮೇಲೆ ಹರಡಿ, ಒಂದೊಂದೇ ವೈರನ್ನು ಪೆನ್ಸಿಲ್ಲಿನಿಂದ ಕತ್ತರಿಸುತ್ತ "ಈಗ ಫ್ಯಾನು ಏನು ಮಾಡುತ್ತದೆ?" ಎಂದು ಕೇಳಬೇಕು. ಉತ್ತರ ಪ್ರತಿ ಸಲವೂ "ತಿರುಗುತ್ತದೆ" ಎಂದೇ ಬರಬೇಕು.

ಸ್ಪ್ರಿಂಗಿನ ಈ ಒಳ್ಳೆಯತನಕ್ಕೆ ಒಂದು ಕೆಟ್ಟ ಮಗ್ಗುಲೂ ಇದೆ, ಅದನ್ನು ಮುಚ್ಚಿಡಬಾರದು. ಕೆಟ್ಟರೂ ಲಾರಿ ನಿಲ್ಲುವುದಿಲ್ಲವಾದ್ದರಿಂದ ಕೆಟ್ಟದ್ದೇ ಗೊತ್ತಾಗುವುದಿಲ್ಲ. ಸೀಲು ಸೋರಿ ಫ್ಯಾನು ತಿಂಗಳುಗಟ್ಟಲೆ ಸದಾ ತಿರುಗುತ್ತಿರುತ್ತದೆ. ಮಾಲೀಕ ಮೈಲೇಜ್ ಬರುತ್ತಿಲ್ಲವೆಂದು ಇಂಜೆಕ್ಟರ್ ಬದಲಿಸುತ್ತಾನೆ, ಡೀಸೆಲ್ ಕದಿಯುತ್ತಿದ್ದಾನೆಂದು ಮತ್ತೆ ಆ ಚಾಲಕನ ಮೇಲೆಯೇ ಅನುಮಾನಪಡುತ್ತಾನೆ. ಇದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಬೆಳಿಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿ, ಗಾಳಿಯ ಒತ್ತಡ ಪೂರ್ತಿ ಏರಿದ ಮೇಲೆ ಫ್ಯಾನಿನ ಮೊರೆತ ತಗ್ಗಬೇಕು. ತಗ್ಗದಿದ್ದರೆ ಕ್ಲಚ್ ಬಿಡುತ್ತಿಲ್ಲ. ಅಷ್ಟನ್ನು ಕಿವಿಯಿಂದಲೇ ತಿಳಿಯಬಹುದು. ಡ್ಯಾಶ್‌ಬೋರ್ಡಿನಲ್ಲಿ ಫ್ಯಾನು ಹಿಡಿದಿದೆ ಎಂದು ತೋರಿಸುವ ಸಣ್ಣದೊಂದು ದೀಪ ಇಟ್ಟರೆ ಇನ್ನೂ ಒಳ್ಳೆಯದು. ಅದಕ್ಕೆ ಆಗುವ ಖರ್ಚು ಚಹಾದ ಖರ್ಚಿನಷ್ಟು.

ಮುಂದೆ ಈ ಫ್ಯಾನಿಗೆ ಕೆಲಸ ಹೆಚ್ಚೇ ಆಗಲಿದೆ. 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6 ನಿಯಮಕ್ಕೆ ಹೊಗೆಯ ಒಂದು ಪಾಲನ್ನು ತಂಪು ಮಾಡಿ ಮತ್ತೆ ಎಂಜಿನ್ನಿಗೇ ಕಳಿಸುವ ವ್ಯವಸ್ಥೆ ಇರುವ ಎಂಜಿನ್ನುಗಳಲ್ಲಿ ಆ ಶಾಖವೂ ರೇಡಿಯೇಟರಿನ ತಲೆಗೇ ಬರುತ್ತದೆ. ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ 2025ರಲ್ಲಿ ಏಸಿ ಕಡ್ಡಾಯವಾಗಿದೆ. ಬಹಳ ತಡವಾಗಿ ಬಂದ ಒಳ್ಳೆಯ ನಿಯಮ ಅದು, ಕ್ಯಾಬಿನ್ನಿನಲ್ಲಿ ಮೇ ತಿಂಗಳಲ್ಲಿ ಒಮ್ಮೆ ಕೂತವರಿಗೆ ಗೊತ್ತು. ಆದರೆ ಏಸಿಯ ಕಂಡೆನ್ಸರ್ ರೇಡಿಯೇಟರಿನ ಮುಂದೆ ಕೂತರೆ ರೇಡಿಯೇಟರಿಗೆ ಬಿಸಿ ಗಾಳಿಯೇ ಸಿಗುತ್ತದೆ. ಏಸಿಯ ಒತ್ತಡ ಏರಿದಾಗಲೂ ಫ್ಯಾನನ್ನು ಕರೆಯಬೇಕು. ಹಿಡಿದು ಬಿಡುವ ಸರದಿ ಹೆಚ್ಚಾದಷ್ಟೂ ಲೈನಿಂಗಿನ ಸವೆತ ಹೆಚ್ಚು, ಉದ್ದ ಸ್ಪ್ರಿಂಗಿನ ಬೆಲೆಯೂ ಹೆಚ್ಚು.

ಕೊನೆಯಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡುವ ಕೇಳುಗರಿಗೆ ಎರಡು ಮಾತು. ದಾರಿಯಲ್ಲಿ ಕ್ಲಚ್ ಪೂರ್ತಿ ಸೋತರೆ ತಟ್ಟೆಯನ್ನೂ ಪುಲ್ಲಿಯನ್ನೂ ಬೋಲ್ಟು ಹಾಕಿ ಬಿಗಿದು ಫ್ಯಾನನ್ನು ಸದಾ ತಿರುಗಿಸಿಕೊಂಡು ಊರು ಸೇರಲು ಕೆಲವು ಕ್ಲಚ್ಚುಗಳಲ್ಲಿ ತೂತುಗಳನ್ನೇ ಇಟ್ಟಿರುತ್ತಾರೆ. ಅದು ಊರು ಸೇರುವುದಕ್ಕೆ, ವರ್ಷಗಟ್ಟಲೆ ಓಡಿಸುವುದಕ್ಕಲ್ಲ. ಇನ್ನೊಂದು, ಕ್ಲಚ್ ಬಿಚ್ಚುವಾಗ ಒಳಗೆ ಒಂಬತ್ತು ಮೂಟೆ ಅಕ್ಕಿಯ ಭಾರ ಅದುಮಿ ಕೂತಿದೆ ಎನ್ನುವುದು ನೆನಪಿರಲಿ. ಮುಚ್ಚಳದ ಬೋಲ್ಟುಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ಪೂರ್ತಿ ಕಳಚಿದರೆ ಕೊನೆಯ ಬೋಲ್ಟಿನ ಜೊತೆ ಮುಚ್ಚಳ ಹಾರಿ ಮುಖಕ್ಕೆ ಬಡಿಯುತ್ತದೆ. ಪ್ರೆಸ್ಸಿನಲ್ಲಿ ಒತ್ತಿ ಹಿಡಿದು ಬಿಚ್ಚಿ. ಪ್ರೆಸ್ಸಿಲ್ಲದಿದ್ದರೆ ಎದುರುಬದುರಾಗಿ ಎರಡು ಮೂರು ಉದ್ದ ಬೋಲ್ಟು ಹಾಕಿ ಅವುಗಳ ನಟ್ಟನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹಳೆಯ ಲೈನಿಂಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಕಾಲದ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ನಿಮ್ಮ ಕೈಗೆ ಬಂದದ್ದು ಯಾವ ಕಾಲದ್ದೆಂದು ನೋಡಿ ಹೇಳಲಾಗದು. ಒದ್ದೆ ಬಟ್ಟೆಯಿಂದ ಒರೆಸಿ. ಎಂಜಿನ್ ಚಾಲೂ ಇರುವಾಗ ಫ್ಯಾನು ನಿಂತಿದೆಯೆಂದು ಕೈ ಹಾಕಲೇಬೇಡಿ. ಅದು ಯಾವಾಗ ಹಿಡಿಯುತ್ತದೆ ಎಂದು ನಿಮ್ಮನ್ನು ಕೇಳುವುದಿಲ್ಲ. ಆ 'ಪುಸ್' ಕೇಳಿಸಿ ಕೈ ಹಿಂದೆಗೆಯುವಷ್ಟು ಹೊತ್ತೂ ಸಿಗುವುದಿಲ್ಲ.